ನುಗ್ಗೆಕಾಯಿ ತಿನ್ನಲು ಬಂದರೆ ಆರ್ಟಿಚೋಕ್ ಕೂಡ ಬರುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಆರ್ಟಿಚೋಕ್ ಅನ್ನುವ ಈ ವಿದೇಶಿ ತರಕಾರಿಯ ಎಸಳನ್ನು ಅಗಿಯಬೇಡಿ. ನಾನು ಮೊದಲ ಸಲ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅಗಿದೆ, ಅಗಿದೆ, ಕೊನೆಗೆ ತೆಂಗಿನ ನಾರಿನಂಥ ಉಂಡೆ ಉಳಿಯಿತು, ಉಗಿಯುವುದೋ ನುಂಗುವುದೋ ಗೊತ್ತಾಗದೆ ಸುಮ್ನೆ ಕೂತಿದ್ದೆ. ನುಗ್ಗೆಕಾಯಿಯ ಸಿಪ್ಪೆ ನುಂಗುತ್ತೇವಾ? ಇಲ್ಲ ಅಲ್ವಾ? ಇದೂ ಹಾಗೇ.

ಇದು ಕಾಯಿಯಲ್ಲ, ಅರಳದ ಮೊಗ್ಗು. ನಮ್ಮ ಉತ್ತರ ಕರ್ನಾಟಕದ ಹೊಲದ ಕುಸುಬೆಗೆ ಹತ್ತಿರದ ನೆಂಟ, ಹಾಗಾಗಿ ಮುಳ್ಳೂ ಇದೆ. ಗಿಡದಲ್ಲೇ ಬಿಟ್ಟರೆ ನೇರಳೆ ಹೂವಾಗುತ್ತದೆ, ನೋಡಲು ಚೆಂದ, ತಿನ್ನಲು ಆಗುವುದಿಲ್ಲ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕಿಂತ ಭಾರ ಅನಿಸಬೇಕು, ಎಸಳು ಬಿಗಿಯಾಗಿರಬೇಕು, ಹಿಂಡಿದರೆ ಕಿರ್ ಅನ್ನಬೇಕು. (ಒಂದು ಕಾಲದಲ್ಲಿ ನ್ಯೂಯಾರ್ಕ್‌ನಲ್ಲಿ ಇದರ ವ್ಯಾಪಾರ ಮಾಫಿಯಾ ಕೈಲಿತ್ತು. 1935ರಲ್ಲಿ ಮೇಯರ್ ಲಾ ಗಾರ್ಡಿಯಾ ಸಣ್ಣ ಆರ್ಟಿಚೋಕ್ ಮಾರಾಟವನ್ನೇ ಕೆಲ ದಿನ ನಿಲ್ಲಿಸಿದ್ದರು. ಒಂದು ಮೊಗ್ಗಿಗೆ!)

ಮನೆಗೆ ತಂದ ಮೇಲೆ ತುದಿಯನ್ನು ಒಂದು ಇಂಚು ಕತ್ತರಿಸಿ, ಉಳಿದ ಮುಳ್ಳುಗಳನ್ನು ಕತ್ತರಿಯಲ್ಲಿ ತೆಗೆಯಿರಿ. ಬಾಳೆ ಹೂ ಬಿಡಿಸಿದವರಿಗೆ ಗೊತ್ತು, ಕತ್ತರಿಸಿದ ಕೂಡಲೇ ಕಪ್ಪಾಗುತ್ತದೆ, ಅದಕ್ಕೇ ಮಜ್ಜಿಗೆಯಲ್ಲಿ ಹಾಕುತ್ತೇವೆ. ಇಲ್ಲಿ ನಿಂಬೆಹಣ್ಣು ಉಜ್ಜಿದರೆ ಸಾಕು. ತೊಟ್ಟನ್ನು ಬಿಸಾಡಬೇಡಿ, ಸಿಪ್ಪೆ ಹೆರೆದರೆ ಅದೂ ರುಚಿ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕೆಡುತ್ತದೆ. ಸ್ಟೀಲ್ ಪಾತ್ರೆಯಲ್ಲಿ ತಳ ಕೆಳಗೆ ಬರುವಂತೆ ಇಟ್ಟು 30ರಿಂದ 45 ನಿಮಿಷ ಹಬೆಯಲ್ಲಿ ಬೇಯಿಸಿ. ಒಂದು ಎಸಳು ಎಳೆದರೆ ಸಲೀಸಾಗಿ ಕೈಗೆ ಬರಬೇಕು, ಜಗ್ಗಾಡಬೇಕಾದರೆ ಇನ್ನೂ ಬೆಂದಿಲ್ಲ.

ಈಗ ತಿನ್ನುವುದು. ಹೊರಗಿನಿಂದ ಒಂದೊಂದೇ ಎಸಳು ಕಿತ್ತು, ಬುಡವನ್ನು ಕರಗಿಸಿದ ಬೆಣ್ಣೆಯಲ್ಲಿ ಅದ್ದಿ, ಹಲ್ಲಿನ ನಡುವೆ ಹಿಡಿದು ಎಳೆಯಿರಿ. ಬುಡದಲ್ಲಿ ಒಂದು ಚೂರು ತಿರುಳು ಬರುತ್ತದೆ, ಅಷ್ಟೇ. ಉಳಿದದ್ದು ತಟ್ಟೆಯ ಪಕ್ಕಕ್ಕೆ. ನಾನು ತುಪ್ಪಕ್ಕೆ ಕಾಳುಮೆಣಸು, ನಿಂಬೆರಸ ಹಾಕಿಕೊಳ್ಳುತ್ತೇನೆ, ಬೆಣ್ಣೆಗಿಂತ ಅದೇ ವಾಸಿ. ಸಾಂಬಾರಿಗೆ ಮಾತ್ರ ಹಾಕಬೇಡಿ, ಇದರ ರುಚಿ ತೀರಾ ಮೆತ್ತಗಿನದು, ಹುಳಿಪುಡಿ ಮುಂದೆ ನಿಲ್ಲುವುದಿಲ್ಲ.

ಒಳಗೆ ಹೋದಂತೆ ಎಸಳು ತೆಳ್ಳಗಾಗಿ, ಕೊನೆಗೆ ಜೋಳದ ತೆನೆಯ ರೇಷ್ಮೆಯಂಥ ಕೂದಲು ಸಿಗುತ್ತದೆ. ಇದನ್ನು ನುಂಗಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಮಚದಲ್ಲಿ ಕೆರೆದು ತೆಗೆದರೆ ಕೆಳಗೆ ಬಟ್ಟಲಿನಂಥ ಮೆತ್ತನೆ ತಳ. ಇಷ್ಟು ಹೊತ್ತು ಕಿತ್ತದ್ದೆಲ್ಲ ಇದಕ್ಕೇ. ನಾಲ್ಕು ತುಂಡು ಮಾಡಿ, ಯಾರಾದರೂ ಕೇಳುವ ಮೊದಲೇ ತಿಂದುಬಿಡಿ.

ಇಷ್ಟೆಲ್ಲ ತಾಳ್ಮೆ ಇಲ್ಲದಿದ್ದರೆ ಈ ತಳವೇ ಬಾಟಲಿಯಲ್ಲಿ ಉಪ್ಪುನೀರು ಅಥವಾ ಎಣ್ಣೆ ಹಾಕಿ ಸಿಗುತ್ತದೆ. ಪಿಜ್ಜಾಗೆ, ಪಾಸ್ತಾಗೆ ಪರವಾಗಿಲ್ಲ. ಉಪ್ಪುನೀರಿನದಾದರೆ ತೊಳೆದು ಬಳಸಿ.

ತಿಂದಾದ ಮೇಲೆ ಒಂದು ಲೋಟ ನೀರು ಕುಡಿದು ನೋಡಿ. ಬಹಳ ಜನಕ್ಕೆ ಸಿಹಿ ಅನಿಸುತ್ತದೆ, ನೆಲ್ಲಿಕಾಯಿ ತಿಂದು ಕುಡಿದ ಹಾಗೆ.