ಆರಿಸಿಟ್ಟ ಟಾರ್ಚ್‌ನ ಸೆಲ್ ಖಾಲಿಯಾಗದಂತೆ ಇಡುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಕಾರವಾರದ ಬೈತಖೋಲ, ಕುಮಟಾ ಬಳಿಯ ತದಡಿಯಂತಹ ಬಂದರುಗಳಲ್ಲಿ ದೋಣಿಗಳ ಜೊತೆಗೆ ಅವುಗಳ ಟಾರ್ಚ್‌ಗಳೂ ಮೂಲೆ ಸೇರುತ್ತವೆ. ಶಿರಸಿ ಸೀಮೆಯಲ್ಲಿ ಇದು ತಿರುಗುಮುರುಗು. ಮಳೆಗಾಲದ ಕರೆಂಟಿಲ್ಲದ ರಾತ್ರಿಗಳಲ್ಲಿ ದುಡಿದ ಟಾರ್ಚ್ ಬೇಸಿಗೆಯಲ್ಲಿ ಕಪಾಟಿನಲ್ಲಿರುತ್ತದೆ. ತುಂಬಿದ ಸೆಲ್ ಹಾಕಿ ಇಟ್ಟಿದ್ದರೂ ತೆಗೆದಾಗ ಮಿಣುಕುವುದೂ ಇಲ್ಲ ಎಂಬ ದೂರು ಮಾತ್ರ ಎರಡೂ ಕಡೆ ಒಂದೇ.

ಹಳೆಯ ಟಾರ್ಚ್‌ನಲ್ಲಿ ಗುಂಡಿಯನ್ನು ಹಿಂದೆ ಸರಿಸಿದರೆ ಒಳಗಿನ ತಗಡು ದೂರವಾಗಿ ವಿದ್ಯುತ್ ಹರಿಯುವ ದಾರಿಯೇ ಕಡಿದುಹೋಗುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ಸ್ವಿಚ್ ಹಾಗಲ್ಲ. ಅದು ಒಳಗಿರುವ ಪುಟ್ಟ ಚಿಪ್‌ಗೆ ಸೂಚನೆ ಕೊಡುತ್ತದೆಯಷ್ಟೆ, ಬೆಳಕನ್ನು ಹೊತ್ತಿಸುವುದೂ ಆರಿಸುವುದೂ ಚಿಪ್‌ನ ಕೆಲಸ. ಮುಂದಿನ ಸಲ ಯಾವಾಗ ಒತ್ತುತ್ತಾರೋ ಎಂದು ಆ ಚಿಪ್ ಸದಾ ಕಾಯುತ್ತಿರಬೇಕು, ಕಾಯುವುದಕ್ಕೂ ಅದಕ್ಕೆ ಸ್ವಲ್ಪ ವಿದ್ಯುತ್ ಬೇಕು. ಒತ್ತಿದಾಗ ‘ಟಕ್’ ಎಂದು ಗಟ್ಟಿಯಾಗಿ ಕೂರುವ ಗುಂಡಿ ಸಾಮಾನ್ಯವಾಗಿ ಹಳೆಯ ಬಗೆಯದು; ಮೆತ್ತಗೆ ಒತ್ತಿದರೆ ಸಾಕಾಗುವ, ಒತ್ತಿ ಹಿಡಿದರೆ ಬೆಳಕು ಹೆಚ್ಚು ಕಡಿಮೆಯಾಗುವ ಗುಂಡಿ ಎಲೆಕ್ಟ್ರಾನಿಕ್. ಗುಂಡಿಯಲ್ಲೇ ಸಣ್ಣ ದೀಪ ಉರಿಯುತ್ತಿದ್ದರೆ ಖರ್ಚು ಇನ್ನೂ ಹೆಚ್ಚು.

ಪರಿಹಾರ ಸುಲಭ. ಸೆಲ್‌ಗಳನ್ನು ಹೊರತೆಗೆದಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ಕತ್ತಲಲ್ಲಿ ತಡಕಿ ಸೆಲ್ ಹಾಕುವ ಪಾಡು ಬೇಡವೆನ್ನುವವರು ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಗುಂಡಿ ಒತ್ತಿ ನೋಡಬೇಕು. ಬೆಳಕು ಬಾರದಿದ್ದರೆ ದಾರಿ ಕಡಿದಿದೆ ಎಂದರ್ಥ. ಮುಚ್ಚಳದ ಥ್ರೆಡ್‌ಗೆ ಆನೊಡೈಸಿಂಗ್ ಲೇಪ (ಅಲ್ಯೂಮಿನಿಯಂ ಮೇಲೆ ಕಟ್ಟಿಸುವ ಗಟ್ಟಿ ಆಕ್ಸೈಡ್ ಪದರ) ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ, ಏಕೆಂದರೆ ಆ ಲೇಪದ ಮೂಲಕ ವಿದ್ಯುತ್ ಹರಿಯುವುದಿಲ್ಲ. ಬರಿಯ ಅಲ್ಯೂಮಿನಿಯಂ ಥ್ರೆಡ್ ಆಗಿದ್ದರೆ ಎಷ್ಟು ಸಡಿಲಿಸಿದರೂ ಸಂಪರ್ಕ ಉಳಿದುಕೊಳ್ಳಬಹುದು. ಆಗ ಸೆಲ್‌ನ ತುದಿಗೂ ಸ್ಪ್ರಿಂಗ್‌ಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕತ್ತರಿಸಿ ಇಡಬೇಕು. ಕಾಗದ ಬೇಡ, ನಮ್ಮ ಕರಾವಳಿಯ ಹವೆಗೆ ಅದು ತೇವ ಹಿಡಿಯುತ್ತದೆ. ಗುಂಡಿಯನ್ನು ನಾಲ್ಕೈದು ಬಾರಿ ಒತ್ತಿದರೆ ‘ಲಾಕ್’ ಆಗುವ ಸೌಲಭ್ಯ ಕೆಲವು ಟಾರ್ಚ್‌ಗಳಲ್ಲಿದೆ. ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಚಿಪ್ ಕಾಯುತ್ತಲೇ ಇರುವುದರಿಂದ ಸೆಲ್ ಉಳಿಸುವ ಮಟ್ಟಿಗೆ ಅದನ್ನು ನಂಬುವಂತಿಲ್ಲ.

ನಿಮ್ಮ ಟಾರ್ಚ್ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ವಿದ್ಯುತ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಸಾಕು. ಹಿಂಬದಿಯ ಮುಚ್ಚಳ ತೆಗೆದರೆ ಸೆಲ್‌ನ ತುದಿಯೂ ಅದರ ಸುತ್ತ ಕೊಳವೆಯ ಲೇಪವಿಲ್ಲದ ಬೆಳ್ಳಗಿನ ಅಂಚೂ ಕಾಣುತ್ತವೆ. ಮೊದಲು ಒಂದು ತಂತಿಯ ಚೂರಿನಿಂದ ಇವೆರಡನ್ನೂ ಸೇರಿಸಿ ಹಿಡಿಯಬೇಕು. ಟಾರ್ಚ್ ಒಮ್ಮೆ ಮಿನುಗಬಹುದು, ಹೊತ್ತಿಕೊಂಡರೆ ಆರಿಸಿ ಕೆಲವು ಸೆಕೆಂಡು ಬಿಡಬೇಕು. ಬಳಿಕ ಮೀಟರನ್ನು ಮಿಲಿಆಂಪಿಯರ್ ಅಳತೆಗಿಟ್ಟು, ಅದರ ಒಂದು ಕಡ್ಡಿಯನ್ನು ಸೆಲ್‌ಗೂ ಇನ್ನೊಂದನ್ನು ಅಂಚಿಗೂ ಒತ್ತಿ ಹಿಡಿದ ಮೇಲೆಯೇ ತಂತಿಯನ್ನು ತೆಗೆಯಬೇಕು. ಈಗ ಕಾಣುವ ಅಂಕಿಯೇ ಆರಿದ ಟಾರ್ಚ್‌ನ ಖರ್ಚು. ಅಳೆಯುವಾಗ ಗುಂಡಿ ಒತ್ತಿದರೆ ಮೀಟರ್‌ನ ಫ್ಯೂಸ್ ಹೋಗಬಹುದು, ಆದ್ದರಿಂದ ಆ ಕಡೆ ಬೆರಳು ಸುಳಿಯದಿರಲಿ.

ಸೆಲ್‌ನ ಸಾಮರ್ಥ್ಯವನ್ನು (ಅದನ್ನು ಎಂಎಎಚ್, ಅಂದರೆ ಮಿಲಿಆಂಪಿಯರ್-ಗಂಟೆಗಳಲ್ಲಿ ಹೇಳುತ್ತಾರೆ) ಈ ಅಂಕಿಯಿಂದ ಭಾಗಿಸಿದರೆ ಎಷ್ಟು ಗಂಟೆ ತಡೆಯುತ್ತದೆಂದು ಗೊತ್ತಾಗುತ್ತದೆ. ಚೆನ್ನಾಗಿ ಮಾಡಿದ ಟಾರ್ಚ್ 20 ಮೈಕ್ರೊಆಂಪಿಯರ್‌ನಷ್ಟು, ಅಂದರೆ 0.02 ಮಿಲಿಆಂಪಿಯರ್, ಎಳೆಯಬಹುದು. 3000 ಎಂಎಎಚ್‌ನ ಸೆಲ್ ಆ ಲೆಕ್ಕದಲ್ಲಿ ಹದಿನೇಳು ವರ್ಷ ಬರಬೇಕು, ಅಷ್ಟರೊಳಗೆ ಸೆಲ್ ತಾನಾಗಿಯೇ ಸತ್ತಿರುತ್ತದೆ. ಅದೇ ಟಾರ್ಚ್ 1 ಮಿಲಿಆಂಪಿಯರ್ ಎಳೆಯುವಂಥದ್ದಾದರೆ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ 1464 ಎಂಎಎಚ್, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು, ಸದ್ದಿಲ್ಲದೆ ಹೋಗಿರುತ್ತದೆ. ಸುಮಾರು 1000 ಎಂಎಎಚ್‌ನ ಸಣ್ಣ ಎಎಎ ಸೆಲ್ ಹಾಕುವ ಟಾರ್ಚ್‌ಗಂತೂ ಇಷ್ಟೇ ಖರ್ಚಿಗೆ ನಲವತ್ತೊಂದು ದಿನ ಸಾಕು.

ಪೂರ್ತಿ ಬರಿದಾದ ಸೆಲ್ ಸುಮ್ಮನೆ ಕೂರುವುದಿಲ್ಲ. ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್‌ಗೆ ಬಿಳಿ ಹುಡಿ ಕಟ್ಟುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟದೆ, ಲಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಬೇಕು. ಲಿಥಿಯಂ ಅಯಾನ್ ಸೆಲ್‌ನ ಒತ್ತಡ 2 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ. ಇ-ತ್ಯಾಜ್ಯಕ್ಕೆ ಕೊಟ್ಟು ಹೊಸದು ತರುವುದೇ ಮೇಲು. ಇಂತಹ ಸೆಲ್‌ಗಳನ್ನು ತಿಂಗಳುಗಟ್ಟಲೆ ಇಡುವಾಗ ಅರ್ಧದಷ್ಟು ಚಾರ್ಜ್ ಇದ್ದರೆ ಬಾಳಿಕೆಗೆ ಒಳ್ಳೆಯದು, ಆದರೆ ಕರೆಂಟು ಹೋದೊಡನೆ ಬೇಕಾಗುವ ಟಾರ್ಚ್‌ಗೆ ಈ ನಿಯಮ ಹಿಡಿದು ಕೂರಬೇಕಿಲ್ಲ. ಸೆಲ್ ತೆಗೆಯಲಾಗದಂತೆ ಮುಚ್ಚಿರುವ, ಗೋಡೆಯ ಪ್ಲಗ್‌ಗೆ ಚುಚ್ಚಿ ಚಾರ್ಜ್ ಮಾಡುವ ಟಾರ್ಚ್‌ಗಳಲ್ಲಿ ಮೇಲಿನ ಯಾವ ಉಪಾಯವೂ ನಡೆಯದು. ಅವುಗಳನ್ನು ತಿಂಗಳಿಗೊಮ್ಮೆ ಹೊತ್ತಿಸಿ ನೋಡಿ ಚಾರ್ಜ್‌ಗಿಡಬೇಕು. ಸೀಸದ ಬ್ಯಾಟರಿ ಇರುವ ಹಳೆಯ ಎಮರ್ಜೆನ್ಸಿ ದೀಪಗಳನ್ನಂತೂ ಬರಿದಾದ ಸ್ಥಿತಿಯಲ್ಲಿ ಒಂದು ವಾರವೂ ಬಿಡಬಾರದು.