ಡ್ರಾಪ್ ಚೌಕದ ಬಣ್ಣ ಮಿನುಗುವುದು ನಿಂತದ್ದು ಹೀಗೆ

ವೆಬ್ ಪುಟದಲ್ಲಿ ಫೈಲ್ ಎಳೆದು ತಂದು ಬಿಡಲು ಒಂದು ಚೌಕ ಇಟ್ಟಿದ್ದೆ. ಫೈಲ್ ಎಳೆದು ತಂದಾಗ ಚೌಕದ ಅಂಚು ನೀಲಿ ಆಗಬೇಕಿತ್ತು. ಆಗುತ್ತಿತ್ತು, ಆದರೆ ಒಳಗಿನ ಐಕಾನ್ ಅಥವಾ ಅಕ್ಷರದ ಮೇಲೆ ಮೌಸ್ ಹೋದ ಕೂಡಲೇ ಬಣ್ಣ ಮಾಯ.

ಬಣ್ಣ ತೆಗೆಯುವುದನ್ನು ತುಸು ತಡಮಾಡಲು ಸೆಟ್‌ಟೈಮ್‌ಔಟ್ ಹಾಕಿದೆ, ಮಿನುಗು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಒಳಗಿನ ಎಲಿಮೆಂಟುಗಳಿಗೆ (ಐಕಾನ್, ಅಕ್ಷರ, ಬಟನ್) ಸ್ಟಾಪ್‌ಪ್ರೊಪಗೇಶನ್, ಅಂದರೆ ಅವುಗಳ ಈವೆಂಟ್ (ಬ್ರೌಸರ್ ಕಳಿಸುವ ಸೂಚನೆ) ಹೊರಗಿನ ಚೌಕಕ್ಕೆ ಏರದಂತೆ ತಡೆ, ಹಾಕಿದ್ದೂ ದಂಡ. ಅವಕ್ಕೆ ಪಾಯಿಂಟರ್‌-ಈವೆಂಟ್ಸ್ none (ಮೌಸ್ ಅವನ್ನು ಮುಟ್ಟದಂತೆ ಮಾಡುವ CSS) ಕೊಟ್ಟರೆ ಮಿನುಗು ನಿಂತಿತು, ಆದರೆ ಒಳಗಿನ ಬಟನ್ ಕ್ಲಿಕ್ ಆಗುತ್ತಿರಲಿಲ್ಲ.

ವಿಷಯ ಇಷ್ಟೇ: ಚೌಕದಿಂದ ಅದರೊಳಗಿನ ಎಲಿಮೆಂಟಿಗೆ ಹೋದರೂ ಬ್ರೌಸರ್ ಚೌಕಕ್ಕೆ ಡ್ರ್ಯಾಗ್‌ಲೀವ್ (ಎಳೆದ ಫೈಲ್ ಹೊರಹೋಯಿತು ಎಂಬ ಈವೆಂಟ್) ಕಳಿಸುತ್ತದೆ. ಆದರೆ ಅದಕ್ಕೂ ಮೊದಲು ಹೊಸ ಎಲಿಮೆಂಟಿನ ಡ್ರ್ಯಾಗ್‌ಎಂಟರ್ (ಫೈಲ್ ಒಳಬಂತು ಎಂಬ ಈವೆಂಟ್) ಬರುತ್ತದೆ, ಅದು ಮೇಲೇರಿ ಚೌಕಕ್ಕೂ ತಲುಪುತ್ತದೆ. ಈ ಕ್ರಮವೇ ದಾರಿ ತೋರಿಸಿತು.

ಒಂದು ಕೌಂಟರ್ ಇಡಿ, ಆರಂಭ 0. ಚೌಕದ ಡ್ರ್ಯಾಗ್‌ಎಂಟರ್‌ನಲ್ಲಿ 1 ಕೂಡಿಸಿ, ಬಣ್ಣ ಹಚ್ಚಿ. ಡ್ರ್ಯಾಗ್‌ಲೀವ್‌ನಲ್ಲಿ 1 ಕಳೆಯಿರಿ, 0 ಆದರೆ ಮಾತ್ರ ಬಣ್ಣ ತೆಗೆಯಿರಿ. ಡ್ರಾಪ್‌ನಲ್ಲಿ ಕೌಂಟರನ್ನು ನೀವೇ 0 ಮಾಡಿ ಬಣ್ಣವನ್ನೂ ತೆಗೆಯಬೇಕು. ಫೈಲ್ ಬಿಟ್ಟಾಗ ಡ್ರ್ಯಾಗ್‌ಲೀವ್ ಬರುವುದಿಲ್ಲ, ಹಾಗಾಗಿ ಇದನ್ನು ಬಿಟ್ಟರೆ ಮುಂದಿನ ಸಲ ಲೆಕ್ಕ ತಪ್ಪುತ್ತದೆ.

ಡ್ರ್ಯಾಗ್‌ಎಂಟರ್, ಡ್ರ್ಯಾಗ್‌ಓವರ್ (ಫೈಲ್ ಮೇಲೆ ಇರುವಷ್ಟು ಹೊತ್ತು ಬರುವ ಈವೆಂಟ್), ಡ್ರಾಪ್ ಮೂರರಲ್ಲೂ ಬ್ರೌಸರಿನ ಮಾಮೂಲಿ ಕ್ರಿಯೆ ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಇರಲಿ. ಡ್ರ್ಯಾಗ್‌ಓವರ್‌ನಲ್ಲಿ ಇಲ್ಲದಿದ್ದರೆ ಡ್ರಾಪ್ ಈವೆಂಟೇ ಬರುವುದಿಲ್ಲ, ಬ್ರೌಸರ್ ಸುಮ್ನೆ ಆ ಫೈಲನ್ನೇ ತೆರೆದುಬಿಡುತ್ತದೆ.