ಮೊದಲು ತಿಂಗಳು, ಆಮೇಲೆ ಟಿಕೆಟ್: ಡೊಂಬಿವಲಿಯಿಂದ ಶ್ರೀಲಂಕಾಗೆ ಮನೆಮಂದಿ ಜೊತೆ ಹೋಗೋದು ಹೇಗೆ

ಜೂನ್ ಮೊದಲ ವಾರ, ಮಕ್ಕಳ ಸ್ಕೂಲ್ ಶುರುವಾಗೋಕೆ ಇನ್ನೂ ಹತ್ತು ದಿನ ಇತ್ತು, ಮುಂಬೈ ಹತ್ರದ ನಮ್ಮ ಡೊಂಬಿವಲಿ ಸೆಕೆಗೆ ಸಾಕಾಗಿ ಹೋಗಿತ್ತು, ಟಿಕೆಟ್ ಬೇರೆ ಅಗ್ಗಕ್ಕೆ ಸಿಕ್ತು ಅಂತ ನಾವು ಮೊದಲ ಸಲ ಶ್ರೀಲಂಕಾಗೆ ಹೋಗಿದ್ದು. ಬೆಂತೋಟದಲ್ಲಿ ಸಮುದ್ರದ ಕಡೆ ಮುಖ ಇರೋ ರೂಮು, ನಾಲ್ಕು ರಾತ್ರಿ. ನಾಲ್ಕೂ ದಿನ ಬೀಚಲ್ಲಿ ಕೆಂಪು ಬಾವುಟ, ನೀರಿಗೆ ಇಳಿಯೋ ಹಾಗೇ ಇಲ್ಲ, ಮಗಳು ಕಿಟಕಿ ಹತ್ರ ಕೂತು "ಅಮ್ಮಾ ಇದು ನಮ್ಮನೆ ಮಳೆನೇ ಅಲ್ವಾ" ಅಂದ್ಲು. ನಿಜ, ಕೇರಳ, ಮಂಗಳೂರು, ಕಾರವಾರ, ಗೋವಾ ದಾಟಿ ಮುಂಬೈಗೆ ಬರೋ ಅದೇ ನೈಋತ್ಯ ಮುಂಗಾರು ಅಲ್ಲೂ ಹೊಡೀತಾ ಇತ್ತು. ಬುಕ್ ಮಾಡಿಕೊಟ್ಟ ಏಜೆಂಟ್ ಒಂದು ಮಾತೂ ಹೇಳ್ಲಿಲ್ಲ, ನಮಗೂ ಕೇಳ್ಬೇಕು ಅಂತ ಹೊಳೀಲಿಲ್ಲ. ಆ ರೂಮಿಗೆ ಕೊಟ್ಟ ದುಡ್ಡು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಎರಡನೇ ಸಲ ಅಮ್ಮನ್ನೂ ಕರ್ಕೊಂಡು ಹೋದಾಗ ಎಲ್ಲಾ ಉಲ್ಟಾದಿಂದ ಶುರು ಮಾಡಿದ್ವಿ, ಅಂದ್ರೆ ಮೊದಲು ಮಳೆ ನೋಡಿದ್ದು, ಆಮೇಲೆ ಊರು, ಕೊನೆಗೆ ಟಿಕೆಟ್. ಅದೇ ಕ್ರಮದಲ್ಲಿ ಇಲ್ಲಿ ಬರೀತಿದೀನಿ.

ಮಳೆ ಯಾವ ಕಡೆ ಇದೆ ನೋಡಿ

ಶ್ರೀಲಂಕಾಗೆ ಎರಡು ಮಳೆಗಾಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಅದು ಕೊಲಂಬೊ, ಬೆಂತೋಟ, ಗಾಲೆ ಕಡೆ ಮತ್ತೆ ಬೆಟ್ಟದ ಪಶ್ಚಿಮದ ಇಳಿಜಾರಿಗೆ ಬೀಳತ್ತೆ. ಆಗ ಪೂರ್ವದ ಟ್ರಿಂಕೋಮಲೀ, ಪಾಸಿಕುಡಾ, ಅರುಗಂ ಬೇ ಒಣಗಿ ಬಿಸಿಲಲ್ಲಿರತ್ತೆ, ಅರುಗಂ ಬೇಯಲ್ಲಿ ದೊಡ್ಡ ಅಲೆ ಇದ್ರೂ ಉಳಿದೆರಡು ಕಡೆ ಸಮುದ್ರ ಶಾಂತ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಳೆ, ಆಗ ಪೂರ್ವಕ್ಕೂ ಉತ್ತರಕ್ಕೂ ನೀರು, ಗಾಲೆ–ಮಿರಿಸ್ಸಾ ಕಡೆ ಚೆನ್ನಾಗಿರತ್ತೆ. ನಡುವಿನ ತಿಂಗಳುಗಳಲ್ಲಿ, ಅಂದ್ರೆ ಏಪ್ರಿಲ್ಲು ಮತ್ತೆ ಅಕ್ಟೋಬರ್–ನವೆಂಬರ್, ಬೆಳಿಗ್ಗೆ ಬಿಸಿಲಿದ್ರೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ.

ಮುಂಬೈಯವರಿಗೆ ಇದನ್ನ ಸ್ಕೂಲ್ ರಜೆ ಜೊತೆ ಜೋಡಿಸ್ಬೇಕು. ಮೇ ರಜೆ ಅಂದ್ರೆ ಪೂರ್ವ ಕರಾವಳಿ. ಕ್ರಿಸ್‌ಮಸ್ ರಜೆ ಅಂದ್ರೆ ದಕ್ಷಿಣ, ಪಶ್ಚಿಮ. ದೀಪಾವಳಿ ರಜೆಗೆ ಶ್ರೀಲಂಕಾ ಬೇಡ ಅಂತ ನಾನು ಹೇಳ್ತೀನಿ. ಮಕ್ಕಳ ಸ್ಕೂಲ್ ಗೋಜಿಲ್ಲದವರು ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೋಗಿ, ಹೆಚ್ಚೂಕಮ್ಮಿ ಇಡೀ ದ್ವೀಪ ಚೆನ್ನಾಗಿರತ್ತೆ.

ಬೇರೆ ದೇಶಕ್ಕೆ ಹೋಗೋರಿಗೂ ಲೆಕ್ಕ ಇದೇ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಅಲ್ಲಿ ನವೆಂಬರ್‌ನಿಂದ ಮಾರ್ಚ್ ಮಳೆಗಾಲ, ನಮ್ಮ ಮೇ ರಜೆಗೆ ಸರಿಯಾಗಿ ಹೊಂದತ್ತೆ. ಥಾಯ್ಲೆಂಡ್‌ನಲ್ಲಿ ಪುಕೆಟ್‌ಗೆ ಮೇನಿಂದ ಅಕ್ಟೋಬರ್ ಮಳೆ, ಅದೇ ದೇಶದ ಆಚೆ ಬದಿಯ ಕೊ ಸಮುಯಿಗೆ ಅಕ್ಟೋಬರ್‌ನಿಂದ ಡಿಸೆಂಬರ್. ಮಾರಿಷಸ್‌ಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೈಕ್ಲೋನ್ ಕಾಲ.

ಮಳೆ ಆದ್ಮೇಲೆ ಅವರ ಹಬ್ಬ ನೋಡಿ. ಏಪ್ರಿಲ್ 13–14ರ ಸುತ್ತ ಸಿಂಹಳ, ತಮಿಳು ಹೊಸವರ್ಷ, ಎಲ್ಲರೂ ಊರಿಗೆ ಹೋಗ್ತಾರೆ, ಅಂಗಡಿ ಮುಚ್ಚಿರತ್ತೆ, ನಮ್ಮ ಗಣಪತಿ ಹಬ್ಬಕ್ಕೆ ಕೊಂಕಣದ ಬಸ್ಸು ತುಂಬೋ ಹಾಗೆ ಅಲ್ಲೂ ಬಸ್ಸು, ರೈಲು ತುಂಬಿರತ್ತೆ. ಪ್ರತಿ ಹುಣ್ಣಿಮೆಗೂ ಪೋಯಾ ಅಂತ ಸರ್ಕಾರಿ ರಜೆ, ಅವತ್ತು ಮದ್ಯದ ಅಂಗಡಿ ಬಂದ್, ದೇವಸ್ಥಾನ ರಶ್. ಮೇ ತಿಂಗಳ ಹುಣ್ಣಿಮೆ ವೆಸಾಕ್, ಮನೆ ಮನೆ ಮುಂದೆ ಕಾಗದದ ಕಂದೀಲು. ನಾವು ಆ ದಿನ ಅಲ್ಲಿದ್ವಿ, ಅಮ್ಮ ರಸ್ತೆಯಲ್ಲಿ ನಿಂತು "ಇದು ನಮ್ಮ ಗೂಡುದೀಪನೇ ಕಣೇ" ಅಂತ ಎಷ್ಟು ಹೊತ್ತು ನೋಡಿದ್ರು!

ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ

ಕಪಾಟಲ್ಲಿರೋ ಎಲ್ಲರ ಪಾಸ್‌ಪೋರ್ಟ್ ಹೊರಗೆ ತೆಗೀರಿ, ನೀವು ಹೋಗೋ ದಿನದಿಂದ ಕನಿಷ್ಠ 6 ತಿಂಗಳು ಅವಧಿ ಇರ್ಬೇಕು. ಮಕ್ಕಳದ್ದು ವಿಶೇಷವಾಗಿ ನೋಡಿ, ದೊಡ್ಡವರದ್ದು 10 ವರ್ಷ ನಡೆದ್ರೆ ಅವರದ್ದು 5 ವರ್ಷಕ್ಕೇ ಮುಗಿಯತ್ತೆ, ಇದು ಬಹಳ ಜನರ ಗಮನಕ್ಕೆ ಬರೋದೇ ಇಲ್ಲ. ಡೊಂಬಿವಲಿ, ಕಲ್ಯಾಣದವರಿಗೆ ಠಾಣೆ ಊರಿನ ಪಾಸ್‌ಪೋರ್ಟ್ ಸೇವಾ ಕೇಂದ್ರ ಹತ್ರ, ಆದ್ರೆ ರಜೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಅದಾದ್ಮೇಲೆ ಪೊಲೀಸ್ ವೆರಿಫಿಕೇಶನ್ ಬೇರೆ, ಅದಕ್ಕೆ ಮೂರು ತಿಂಗಳು ಮುಂಚೆನೇ ಶುರು ಮಾಡಿ.

ಶ್ರೀಲಂಕಾಗೆ ಹೊರಡೋ ಮುಂಚೆ ಆನ್‌ಲೈನ್‌ನಲ್ಲಿ ಇಟಿಎ ಅಂತ ಅನುಮತಿ ತಗೋಬೇಕು. ಫೀಸು, ನಿಯಮ ಆಗಾಗ ಬದಲಾಗತ್ತೆ, ಬುಕ್ ಮಾಡೋ ವಾರ ಸರ್ಕಾರಿ ಸೈಟಲ್ಲೇ ನೋಡಿ. ಸರ್ಕಾರಿ ಸೈಟ್ ವಿಳಾಸ ಜಿಒವಿ ಡಾಟ್ ಎಲ್‌ಕೆ ಅಂತ ಮುಗಿಯತ್ತೆ. ಅದೇ ಥರ ಕಾಣೋ ಬೇರೆ ಸೈಟುಗಳು ಹುಡುಕಿದ ತಕ್ಷಣ ಮೇಲೇನೇ ಬರ್ತವೆ, ಅಲ್ಲಿ ಡಬಲ್ ದುಡ್ಡು ಹೋಗತ್ತೆ, ಹುಷಾರು.

ರೂಟು: ಕಮ್ಮಿ ಊರು, ಜಾಸ್ತಿ ರಾತ್ರಿ

ಮುಂಬೈಯಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ, ಗಡಿಯಾರ ಬದಲಾಯಿಸೋದೂ ಬೇಡ, ಎರಡೂ ಕಡೆ ಒಂದೇ ಟೈಮು. ಆದ್ರೆ ವಿಮಾನ ಇಳಿಯೋದು ಕೊಲಂಬೊ ಊರಲ್ಲಲ್ಲ, ಸುಮಾರು 30 ಕಿಲೋಮೀಟರ್ ಉತ್ತರಕ್ಕಿರೋ ಕಟುನಾಯಕದಲ್ಲಿ. ಮೊದಲ ರಾತ್ರಿ ಪಕ್ಕದ ನೆಗೊಂಬೊದಲ್ಲೇ ಉಳೀರಿ, ಕೊಲಂಬೊ ಟ್ರಾಫಿಕ್‌ಗೆ ಹೋಗ್ಲೇಬೇಡಿ, ಅದನ್ನ ನೋಡೋಕೆ ನಮಗೆ ಇಲ್ಲೇ ಘೋಡ್‌ಬಂದರ್ ರೋಡ್ ಇದೆ.

ನಮ್ಮ ಮೇ ತಿಂಗಳ ರೂಟು ಹೀಗಿತ್ತು: ನೆಗೊಂಬೊ ಒಂದು ರಾತ್ರಿ, ಸಿಗಿರಿಯಾ ಎರಡು, ಟ್ರಿಂಕೋಮಲೀ ಮೂರು, ಕ್ಯಾಂಡಿ ಎರಡು, ಅಲ್ಲಿಂದ ಸೀದಾ ಏರ್‌ಪೋರ್ಟ್. ಇಷ್ಟಕ್ಕೇ ಎಂಟು ರಾತ್ರಿ. ಮ್ಯಾಪಲ್ಲಿ ದೇಶ ಚಿಕ್ಕದು ಕಾಣತ್ತೆ, ರಸ್ತೆ ಹಾಗಿಲ್ಲ, ಕೊಲಂಬೊ–ಕ್ಯಾಂಡಿ ಸುಮಾರು 115 ಕಿಲೋಮೀಟರ್‌ಗೆ ಮೂರು ಗಂಟೆ ಮೇಲೇ ಬೇಕು. ಕ್ಯಾಂಡಿಯಿಂದ ಎಲ್ಲಾ ಅನ್ನೋ ಊರಿಗೆ ಹೋಗೋ ಚಹಾ ತೋಟದ ರೈಲು ಎಲ್ಲರ ಫೋಟೋದಲ್ಲೂ ಇರತ್ತೆ, ಆಸೆ ನಮಗೂ ಇತ್ತು, ಆದ್ರೆ ಆರೇಳು ಗಂಟೆ ಅಮ್ಮನ ಮಂಡಿಗೆ ಆಗಲ್ಲ ಅಂತ ಬಿಟ್ವಿ. ಹೋಗೋರು ರಿಸರ್ವ್ ಸೀಟಿಗೆ ಬುಕಿಂಗ್ ತೆರೆದ ದಿನವೇ ಕೂತ್ಕೊಳ್ಳಿ, ಮಳೆಗೆ ಗುಡ್ಡ ಕುಸಿದ್ರೆ ಆ ಲೈನು ಬಂದ್ ಆಗತ್ತೆ, ಹೊರಡೋ ಮುಂಚೆ ಓಡ್ತಿದೆಯಾ ಕೇಳಿ.

ಸಿಗಿರಿಯಾ ಬಂಡೆ 5ನೇ ಶತಮಾನದ ಕಾಶ್ಯಪ ರಾಜನ ಕೋಟೆ, ಹತ್ರ ಹತ್ರ 1,200 ಮೆಟ್ಟಿಲು. ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಗೇಟಲ್ಲಿರಿ, ಹತ್ತು ಗಂಟೆ ಆದ್ರೆ ಕಲ್ಲು ಕಾದು ನಡೆಯೋಕಾಗಲ್ಲ. ಟಿಕೆಟ್ ಕೌಂಟರಲ್ಲಿ ಪಾಸ್‌ಪೋರ್ಟ್ ತೋರ್ಸಿ, ಭಾರತವೂ ಸೇರಿ ಸಾರ್ಕ್ ಗುಂಪಿನ ದೇಶದವರಿಗೆ ದರ ಕಮ್ಮಿ. ಅಮ್ಮ ಹತ್ತಲಿಲ್ಲ, ಕೆಳಗೆ ತೋಟದಲ್ಲಿ ನೆರಳಿಗೆ ಕೂತಿದ್ರು. ಟ್ರಿಂಕೋಮಲೀಯಲ್ಲಿ ಸಮುದ್ರದ ಮೇಲೆ ಎದ್ದು ನಿಂತಿರೋ ಬಂಡೆ ತುದಿಗೆ ಕೋಣೇಶ್ವರ ದೇವಸ್ಥಾನ ಇದೆ, ಗೋಕರ್ಣ, ಮುರುಡೇಶ್ವರ ನೋಡಿದೋರಿಗೆ ಆ ಗಾಳಿ, ಆ ಅಲೆ ಸದ್ದು ಮನೆ ಥರ ಅನ್ಸತ್ತೆ. ಮಕ್ಕಳಿಗೆ ಅಲ್ಲೇ ಹತ್ತಿರ ನಿಲಾವೇಲಿ ಬೀಚು, ನೀರು ಆಳ ಕಮ್ಮಿ, ಮೊದಲ ಸಲ ಕಳ್ಕೊಂಡಿದ್ದನ್ನೆಲ್ಲಾ ಮಗಳು ಆ ಮೂರು ದಿನದಲ್ಲಿ ಆಡಿ ತೀರಿಸ್ಕೊಂಡ್ಲು.

ಸುತ್ತೋಕೆ ಡ್ರೈವರ್ ಸಮೇತ ಕಾರ್ ಮಾಡ್ಕೊಳ್ಳಿ, ವಯಸ್ಸಾದವರಿದ್ರೆ ಅದೇ ಒಳ್ಳೇದು. ಮಾತಾಡುವಾಗಲೇ ಪೆಟ್ರೋಲ್, ಟೋಲ್, ಡ್ರೈವರ್ ಊಟ ಮತ್ತೆ ಮಲಗೋ ಜಾಗ ಯಾರ ಖರ್ಚು ಅಂತ ಬರೆಸ್ಕೊಳ್ಳಿ.

ದೇವಸ್ಥಾನಕ್ಕೆ ಚಪ್ಪಲಿ ಇಲ್ದೆ, ಭುಜ, ಮಂಡಿ ಮುಚ್ಚೋ ಬಟ್ಟೆ. ಬುದ್ಧನ ಮೂರ್ತಿಗೆ ಬೆನ್ನು ತೋರಿಸಿ ಸೆಲ್ಫಿ ತೆಗೀಬಾರ್ದು, ಅವರಿಗೆ ನಿಜವಾಗ್ಲೂ ನೋವಾಗತ್ತೆ. ಮಕ್ಕಳಿಗೆ ಮನೇಲೇ ಹೇಳಿಕೊಡಿ.

ದುಡ್ಡು

ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಜಾಸ್ತಿ ಸಿಗತ್ತೆ ಅಂತ ಎಲ್ಲಾ ಅಗ್ಗ ಅಂದ್ಕೋಬೇಡಿ, ಟೂರಿಸ್ಟ್ ಟಿಕೆಟ್ ದರ ಡಾಲರ್ ಲೆಕ್ಕದಲ್ಲಿರತ್ತೆ. ಭಾರತದ ನೋಟು ಹೊರಗೆ ತಗೊಂಡು ಹೋಗೋಕೆ ಒಬ್ಬರಿಗೆ 25,000 ರೂಪಾಯಿ ಮಿತಿ. ಸ್ವಲ್ಪ ಡಾಲರ್, ಮೊದಲೇ ವಿದೇಶಿ ದುಡ್ಡು ತುಂಬಿಸ್ಕೊಳ್ಳೋ ಒಂದು ಫಾರೆಕ್ಸ್ ಕಾರ್ಡ್, ಇನ್ನೊಂದು ಬ್ಯಾಂಕಿನ ಕಾರ್ಡ್, ಇಷ್ಟಿರಲಿ, ಕಾರ್ಡಿನ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡೋದು ಮರೀಬೇಡಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಶುರುವಾಗಿದೆ, ಆದ್ರೆ ಎಳನೀರಿನವನ ಹತ್ರ, ಆಟೋದವನ ಹತ್ರ ಕ್ಯಾಶೇ ಬೇಕು.

ಸೊಳ್ಳೆ, ಹೊಟ್ಟೆ, ಬಿಸಿಲು

ಶ್ರೀಲಂಕಾನ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ಇಲ್ಲದ ದೇಶ ಅಂತ ಘೋಷಿಸಿದೆ, ಆದ್ರೆ ಡೆಂಗ್ಯೂ ಇದೆ. ಆ ಸೊಳ್ಳೆ ಹಗಲಲ್ಲೇ ಕಚ್ಚೋದು, ರಾತ್ರಿ ಪರದೆ ಕಟ್ಟಿದ್ರೆ ಸಾಲದು, ಬೆಳಿಗ್ಗೆ ರೂಮಿಂದ ಹೊರಡುವಾಗಲೇ ಕೈಕಾಲಿಗೆ ರಿಪೆಲೆಂಟ್ ಹಚ್ಚಿ. ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ, ಡೆಂಗ್ಯೂ ಇರ್ಬಹುದಾದಾಗ ಆಸ್ಪಿರಿನ್, ಐಬುಪ್ರೊಫೆನ್ ತಗೊಂಡ್ರೆ ರಕ್ತಸ್ರಾವದ ಅಪಾಯ, ಡಾಕ್ಟರಿಗೆ ತೋರಿಸೋದು ತಡ ಮಾಡ್ಬೇಡಿ. ಓಆರ್‌ಎಸ್ ಪೊಟ್ಟಣ ಒಂದು ಹತ್ತಾದ್ರೂ ಇರಲಿ. ಅಮ್ಮನ ಬಿಪಿ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲಿ, ಪವರ್ ಬ್ಯಾಂಕೂ ಅಲ್ಲೇ, ಅದನ್ನ ಚೆಕ್-ಇನ್ ಬ್ಯಾಗಲ್ಲಿ ಬಿಡಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡ್ಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ, ಕ್ಲೇಮ್ ಸಿಗಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಅಪ್ಪ, ಒತ್ತು ಶ್ಯಾವಿಗೆ, ತೆಂಗಿನಹಾಲಿನ ಸಾರು, ಬೇಳೆ ಎಲ್ಲಾ ಸಿಗತ್ತೆ, ಕರಾವಳಿ ನಾಲಿಗೆಗೆ ಹೊಂದತ್ತೆ. ಆದ್ರೆ ಪೊಲ್ ಸಂಬೋಲ ಅನ್ನೋ ಕಾಯಿ ಚಟ್ನಿಯಲ್ಲಿ, ಕೆಲವು ಸಲ ಬೇಳೆ ಪಲ್ಯದಲ್ಲೂ, ಒಣಮೀನಿನ ಪುಡಿ ಹಾಕಿರ್ತಾರೆ. ಅದಕ್ಕೆ ಉಂಬಲಕಡ ಅಂತಾರೆ. ವೆಜ್ ಅಂತ ಕೇಳಿದ್ರೆ ಸಾಲದು, ಉಂಬಲಕಡ ಹಾಕಿದೀರಾ ಅಂತ ಹೆಸರಿಟ್ಟೇ ಕೇಳಿ. ಅಮ್ಮ ಒಂದು ಡಬ್ಬಿ ಚಟ್ನಿಪುಡಿ ತಂದಿದ್ರು, ಎಂಟು ದಿನಕ್ಕೆ ಖಾಲಿ.

ಹೊರಡೋ ದಿನ

ಎಲ್ಲರ ಪಾಸ್‌ಪೋರ್ಟ್, ಇಟಿಎ, ಇನ್ಶೂರೆನ್ಸ್ ಒಂದೊಂದು ಕಾಪಿ ಪಕ್ಕದ ಮನೆಯವರ ಹತ್ರ ಕೊಟ್ಟು ಹೋಗಿ. ಭಾನುವಾರದ ವಿಮಾನ ಆದ್ರೆ, ಅವತ್ತು ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸೋ ಮೆಗಾಬ್ಲಾಕ್ ಎಲ್ಲಿ ಅಂತ ಶನಿವಾರವೇ ನೋಡಿ, ಬ್ಯಾಗು, ಮಕ್ಕಳು, ವಯಸ್ಸಾದವರ ಜೊತೆ ಲೋಕಲ್ ನಂಬ್ಕೊಂಡು ಕೂತ್ರೆ ಕೈಕೊಡತ್ತೆ. ಡೊಂಬಿವಲಿಯಿಂದ ಮುಂಬೈ ಏರ್‌ಪೋರ್ಟಿನ ಟರ್ಮಿನಲ್ ಎರಡಕ್ಕೆ ಹಗಲಲ್ಲಿ ಎರಡು ಗಂಟೆ ಇಟ್ಕೊಳ್ಳಿ, ಅದರ ಮೇಲೆ ಇಮಿಗ್ರೇಶನ್ ಕ್ಯೂಗೆ ಮೂರು ಗಂಟೆ.